ನಾಲ್ಕೂವರೆ ಗಂಟೆಯ ಅಧ್ಯಾಯ

ಸೈನ್ಯದ ಮುದ್ರಣಾಲಯದಲ್ಲಿ ಕರಡು ತಿದ್ದುವ ಹವಾಲ್ದಾರನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು. ಗೇಟಿನ ಕಾವಲುಗಾರನಿಂದ ಹಿಡಿದು ಕರ್ನಲ್ ಸಾಹೇಬರವರೆಗೆ ಎಲ್ಲರ ಬಾಯಲ್ಲೂ ಅವನು ‘ನಾಲ್ಕೂವರೆ’. ಹನ್ನೆರಡು ವರ್ಷದ ಹಿಂದೆ ಬೆಟ್ಟದ ಸೀಮೆಯಲ್ಲಿ ಹತ್ತು ಜನರನ್ನು ಕಟ್ಟಿಕೊಂಡು ಹೋಗಿ, ಒಂದು ನಿಮಿಷ ಆಚೀಚೆ ಇಲ್ಲದಂತೆ ಬೆಳಗಿನ ಜಾವ ನಾಲ್ಕೂವರೆಗೆ ಒಂದು ಊರನ್ನು ಸುತ್ತುವರಿದು, ಒಂದೇ ಒಂದು ಗುಂಡು ಹಾರಿಸದೆ ಬಂಡುಕೋರರ ಹನ್ನೊಂದು ಬಂದೂಕು ಹಿಡಿದು ತಂದವನು ಅವನು. ಅದಕ್ಕೊಂದು ಪದಕ ಬಂತು, ಪದಕದ ಬೆನ್ನಿಗೇ ಈ ಅಡ್ಡಹೆಸರೂ ಬಂತು. ಆಮೇಲೆ ಮಂಡಿ ಕೈಕೊಟ್ಟಿತು. ಅಕ್ಷರ ಚೆನ್ನಾಗಿ ಬರುತ್ತದೆ ಎಂದು ಅವನನ್ನು ಈ ಕುರ್ಚಿಗೆ ತಂದು ಕೂರಿಸಿದರು.

ಶುಕ್ರವಾರ ಮಧ್ಯಾಹ್ನ ಮಸಿ ಮಾಮ ಒಂದು ಕಟ್ಟು ಕಾಗದ ತಂದು ಅವನ ಮೇಜಿನ ಮೇಲೆ ಧೊಪ್ಪನೆ ಹಾಕಿದ. ಮಸಿ ಮಾಮ ಎಂದರೆ ಅಚ್ಚಿನ ಯಂತ್ರ ನೋಡಿಕೊಳ್ಳುವವನು. ಮೂವತ್ತು ವರ್ಷದ ಮಸಿ ಅವನ ಉಗುರಿನ ಸಂದಿಯಲ್ಲಿ ಮನೆ ಮಾಡಿಕೊಂಡಿತ್ತು.

"ತಗೋಪ್ಪಾ ನಾಲ್ಕೂವರೆ, ನಿನ್ನ ಜಾತಕಾನೇ ಬಂದಿದೆ. ನಾಲ್ಕನೇ ಅಧ್ಯಾಯ ಪೂರ್ತಿ ನೀನೇ!"

"ನಾನಾ? ಏನ್ ಮಾಮ ತಮಾಷೆ?"

"ತಮಾಷೆ ಅಲ್ಲ ಮಾರಾಯ. ನಕ್ಷೆ ಬೇರೆ ಹಾಕಿದಾರೆ. ಸೋಮವಾರ ಜನರಲ್ ಸಾಹೇಬ್ರ ಸಹಿ, ಮಂಗಳವಾರದಿಂದ ನಾಲ್ಕು ಸಾವಿರ ಪ್ರತಿ. ಇನ್ನು ಸೈನ್ಯಕ್ಕೆ ಸೈನ್ಯವೇ ನಿನ್ನ ಹೆಜ್ಜೆ ಮೇಲೆ ಹೆಜ್ಜೆ ಇಟ್ಕೊಂಡು ಹೋಗುತ್ತೆ ನೋಡು."

ಈ ಪುಸ್ತಕದ ಕಥೆ ಒಂದಿಷ್ಟು ಹೇಳಬೇಕು. ಬೆಟ್ಟದ ಬಂಡಾಯವನ್ನು ಎದುರಿಸುವುದು ಹೇಗೆ ಎಂದು ಸೈನ್ಯ ಈ ಮೊದಲು ಎರಡು ಕೈಪಿಡಿ ಬರೆದಿತ್ತು. ಮೊದಲನೆಯದನ್ನು ಗಡಿಯಲ್ಲಿ ಪರದೇಶದ ಸೈನ್ಯದ ಜೊತೆ ಕಾದಾಡಿ ಬಂದವರು ಬರೆದರು. ಅದನ್ನು ಹಿಡಿದು ಬೆಟ್ಟ ಹತ್ತಿದವರಿಗೆ ಶತ್ರು ಸಿಗಲಿಲ್ಲ, ಊರವರ ಸಿಟ್ಟು ಮಾತ್ರ ಮೂಟೆಗಟ್ಟಲೆ ಸಿಕ್ಕಿತು. ಎರಡನೆಯದು ಗುಡ್ಡಕ್ಕೊಂದು ಚೌಕಿ ಕಟ್ಟಿ ಎಂದಿತು. ಚೌಕಿ ಕಟ್ಟಿದರು; ಚೌಕಿಗಳನ್ನು ಕಾಯುವುದಕ್ಕೇ ಜನ ಸಾಲದೆ ಹೋಯಿತು. ಮೂರನೆಯದು ಕತ್ತರಿ ಕರ್ನಲ್‌ರ ಪಾಲಿಗೆ ಬಂತು. ಯಾರು ಏನೇ ಬರೆದು ತಂದರೂ ಅರ್ಧ ಕತ್ತರಿಸಿ ಹಾಕುತ್ತಿದ್ದರಿಂದ ಅವರಿಗೆ ಆ ಹೆಸರು. "ತಲೆಯಿಂದ ಬರೆದದ್ದು ಸಾಕು, ಈ ಸಲ ನೆಲದಿಂದ ಬರೆಯೋಣ" ಎಂದು ಅವರು ಬೆಟ್ಟದಿಂದ ಬಂದ ಎಂಟುನೂರ ಎಪ್ಪತ್ತು ವರದಿ ತರಿಸಿಕೊಂಡು, ಮೂರು ವರ್ಷ ಕೂತು ಓದಿದರು. ಯಾವುದು ಫಲ ಕೊಟ್ಟಿತು, ಯಾವುದು ಕೆಟ್ಟಿತು ಎಂದು ಬೇರೆ ಬೇರೆ ಮಾಡಿದರು. ಫಲ ಕೊಟ್ಟದ್ದರಲ್ಲಿ ಎಲ್ಲಕ್ಕಿಂತ ಮೇಲೆ ನಿಂತದ್ದು ನಾಲ್ಕೂವರೆಯ ವರದಿ.

ಹವಾಲ್ದಾರ ಕನ್ನಡಕ ಏರಿಸಿ ಓದತೊಡಗಿದ. ‘ಮಾದರಿ ಕಾರ್ಯಾಚರಣೆ. ತುಕಡಿಯು ನಿಗದಿತ ಸಮಯವಾದ 4.30ಕ್ಕೆ ಗ್ರಾಮವನ್ನು ನಾಲ್ಕೂ ದಿಕ್ಕುಗಳಿಂದ ಸುತ್ತುವರಿಯಿತು.’ ಕೆಳಗೆ ನಿಯಮ: ‘ಕತ್ತಲೆಯಲ್ಲಿ ವಲಯದಿಂದ ಹೊರಬರುವ ಯಾರನ್ನೇ ಆಗಲಿ ಶತ್ರುವೆಂದೇ ಭಾವಿಸತಕ್ಕದ್ದು.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಅಡಿಟಿಪ್ಪಣಿ: ‘ಬಂದೂಕಿನ ಎರಡು ತೊಗಲು ಪಟ್ಟಿಗಳು ಕಳೆದುಹೋಗಿರುವುದು ಕಾರ್ಯಾಚರಣೆಯ ವೇಗಕ್ಕೆ ಸಾಕ್ಷಿ.’

ಓದಿ ಮುಗಿಸುವ ಹೊತ್ತಿಗೆ ಕೈಯಲ್ಲಿದ್ದ ಕೆಂಪು ಪೆನ್ನು ಒಂದು ಗೀಟೂ ಹಾಕಿರಲಿಲ್ಲ. ಒಂದೂ ಅಕ್ಷರ ತಪ್ಪಿರಲಿಲ್ಲ, ಅಧ್ಯಾಯ ಪೂರ್ತಿ ತಪ್ಪಿತ್ತು.

ಮನೆಗೆ ಬಂದರೆ ಊಟದ ಮೇಜಿನ ಮೇಲೆ ಒಂದು ಊರೇ ಹರಡಿಕೊಂಡಿತ್ತು. ಬೆಂಕಿಪೊಟ್ಟಣಗಳೇ ಮನೆಗಳು, ಮಡಿಸಿದ ಟವಲ್ಲೇ ಗುಡ್ಡ, ಚಮಚಗಳೇ ಸಿಪಾಯಿಗಳು. ಮಗಳು ಮೇಜಿನ ಮೇಲೆ ಬಗ್ಗಿ ಚಮಚಗಳನ್ನು ಸರಿಸುತ್ತಿದ್ದಳು. ಅವಳು ಸೈನ್ಯ ಸೇರಿ ಎರಡು ವರ್ಷ, ಭುಜದ ಮೇಲೆ ಲೆಫ್ಟಿನೆಂಟ್ ನಕ್ಷತ್ರ ಬಂದು ಒಂದು ವರ್ಷ. ಬರುವ ತಿಂಗಳು ಮೂವತ್ತು ಜನರ ಪಡೆ ಕರೆದುಕೊಂಡು ಅದೇ ಬೆಟ್ಟಕ್ಕೆ ಹೊರಡುವವಳಿದ್ದಳು.

"ಅಪ್ಪಾ, ಬಾ ಬಾ. ನಮಗೆಲ್ಲ ಮೊದಲೇ ಒಂದೊಂದು ಕರಡು ಪ್ರತಿ ಕೊಟ್ಟಿದಾರೆ. ನಾಲ್ಕನೇ ಅಧ್ಯಾಯ ಬಾಯಿಪಾಠ ಮಾಡಿಬಿಟ್ಟೆ. ಎಂಟೆಂಟು ಜನ ಮೂರು ಕಡೆ, ಇಲ್ಲಿ ದಾರಿ ಬಾಯಲ್ಲಿ ಆರು ಜನ, ಸರೀನಾ?"

"ಊಟದ ಹೊತ್ತಿಗೆ ನನ್ನ ಚಮಚ ನನಗೆ ವಾಪಸ್ ಬೇಕು ಕಣೇ" ಎಂದು ಒಳಗಿನಿಂದ ಹೆಂಡತಿ ಕೂಗಿದಳು. "ಎಲ್ಲಾ ಯುದ್ಧಕ್ಕೆ ಹೋದ್ರೆ ತಿನ್ನೋದು ಹೇಗೆ?"

ಹವಾಲ್ದಾರ ಕುರ್ಚಿ ಎಳೆದುಕೊಂಡು ಕೂತ. "ದಾರಿ ಬಾಯಲ್ಲಿ ಯಾರಾದ್ರೂ ಎದುರು ಬಂದ್ರೆ ಏನ್ ಮಾಡ್ತೀಯ ಪುಟ್ಟಿ?"

"ಆ ಹೊತ್ತಲ್ಲಿ ಯಾರಪ್ಪ ಬರ್ತಾರೆ? ಬಂದ್ರೆ ಅವರೇ. ನಿಲ್ಲು ಅಂತ ಒಂದು ಸಲ ಕೂಗೋದು. ನಿಲ್ಲದಿದ್ರೆ..." ಅವಳು ಒಂದು ಬೆಂಕಿಕಡ್ಡಿಯನ್ನು ಬೆರಳಲ್ಲಿ ಚಿಮ್ಮಿಸಿ ಬೀಳಿಸಿದಳು. ಆಮೇಲೆ ಅಪ್ಪನ ಮುಖ ನೋಡಿ ನಕ್ಕಳು. "ನಿನಗೆ ಒಬ್ಬರೂ ಎದುರಾಗಲಿಲ್ಲ ಅಲ್ವಾ? ಅದೇ ವಿಶೇಷ. ನನ್ನ ಪಡೆಯವರಿಗೆಲ್ಲ ಹೇಳಿಬಿಟ್ಟಿದೀನಿ, ಇದು ನಮ್ಮಪ್ಪ ಮಾಡಿ ತೋರಿಸಿದ್ದು ಕಣ್ರೋ ಅಂತ."

ಗೋಡೆಯ ಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಪದಕ ತೂಗುತ್ತಿತ್ತು. ಹವಾಲ್ದಾರ ನೀರು ಕುಡಿಯುವ ನೆಪದಲ್ಲಿ ಅಡುಗೆಮನೆಗೆ ಎದ್ದು ಹೋದ.

ಹೆಂಡತಿ ಪಾತ್ರೆ ಒರೆಸುತ್ತಿದ್ದಳು. ಗಂಡನ ಮುಖ ನೋಡಿ ಬಟ್ಟೆ ಪಕ್ಕಕ್ಕಿಟ್ಟಳು.

"ಏನ್ರೀ? ಮುಖ ಯಾಕೆ ಹೀಗಾಗಿದೆ?"

"ಆ ನಾಲ್ಕೂವರೆ ವಿಷಯ..."

"ಸುಳ್ಳು ಅಲ್ವಾ?"

ಹವಾಲ್ದಾರ ಕಣ್ಣುಕಣ್ಣು ಬಿಟ್ಟ. "ನಿನಗೆ ಯಾರು ಹೇಳಿದ್ದು?"

"ಯಾರು ಹೇಳಬೇಕು? ನಮ್ಮ ಮದುವೆಗೇ ದಾರಿ ತಪ್ಪಿ ಬೇರೆ ಯಾರದೋ ಮದುವೆಯಲ್ಲಿ ಹೋಗಿ ಕೂತಿದ್ದವರು ನೀವು. ಅಂಥವರು ಗೊತ್ತಿಲ್ಲದ ಬೆಟ್ಟದಲ್ಲಿ, ಕತ್ತಲಲ್ಲಿ, ನಿಮಿಷಕ್ಕೆ ಸರಿಯಾಗಿ ಹೋಗಿ ಮುಟ್ಟಿದ್ರು ಅಂದಾಗಲೇ ನನಗೆ ಅನುಮಾನ. ಪದಕ ಕೊಟ್ರು, ಸುಮ್ಮನಾದೆ. ಯಾರಿಗೂ ನಷ್ಟ ಇರಲಿಲ್ಲವಲ್ಲ."

"ಈಗ ಇದೆ" ಎಂದ ಹವಾಲ್ದಾರ. ಹೊರಗಿನ ಕೋಣೆಯಲ್ಲಿ ಚಮಚಗಳ ಸದ್ದಾಗುತ್ತಿತ್ತು. ಪಾತ್ರೆ ತೊಳೆಯುವ ಕಲ್ಲಿಗೆ ಒರಗಿ ನಿಂತು, ಹನ್ನೆರಡು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡದ್ದನ್ನು ಅವನು ಹೆಂಡತಿಗೆ ಪಿಸುದನಿಯಲ್ಲಿ ಹೇಳಿದ.

ನಡೆದದ್ದು ಹೀಗೆ. ನಕ್ಷೆಯಲ್ಲಿ ಇದ್ದದ್ದು ಒಂದೇ ಹೊಳೆ, ನೆಲದ ಮೇಲೆ ಮೂರಿದ್ದವು. ಹವಾಲ್ದಾರ ತಪ್ಪು ಹೊಳೆಯ ಸದ್ದು ಹಿಡಿದು ನಡೆದ. ಅವನ ತುಕಡಿ ಆ ಊರು ಮುಟ್ಟಿದ್ದು ಬೆಳಗ್ಗೆ ಒಂಬತ್ತೂಮುಕ್ಕಾಲಿಗೆ, ಹಾಡುಹಗಲಲ್ಲಿ. ಮೈಯೆಲ್ಲ ಒದ್ದೆ, ಒಬ್ಬನ ಕಾಲು ಉಳುಕಿ ಇನ್ನೊಬ್ಬನ ಬೆನ್ನ ಮೇಲೆ. ಊರಿನ ಮಕ್ಕಳು ನೋಡಿ ನಕ್ಕವು. ಸುತ್ತುವರಿಯುವ ಮಾತು ಹಾಗಿರಲಿ, ನಿಲ್ಲುವುದಕ್ಕೂ ತ್ರಾಣವಿಲ್ಲದೆ ಅವರು ಮೊದಲ ನೆರಳು ಕಂಡಲ್ಲಿ ಕುಸಿದು ಕೂತು ನೀರು ಕೇಳಿದರು.

ಆ ನೆರಳು ಹಿಟ್ಟಿನ ಗಿರಣಿಯದ್ದು. ಗಿರಣಿ ನಡೆಸುತ್ತಿದ್ದವಳು ಐವತ್ತು ದಾಟಿದ ಒಬ್ಬ ಹೆಂಗಸು. ನೀರು ಕೊಟ್ಟಳು, ಮಾತು ಕೊಡಲಿಲ್ಲ. ಯಂತ್ರದ ಬೆಲ್ಟು ಹರಿದು ನಾಲ್ಕು ದಿನದಿಂದ ಗಿರಣಿ ನಿಂತಿತ್ತು. ತುಕಡಿಯಲ್ಲಿ ಮೆಕ್ಯಾನಿಕ್ ಮನೆತನದ ಒಬ್ಬ ಸಿಪಾಯಿ. ಕೆಟ್ಟ ಯಂತ್ರ ಕಂಡರೆ ಅವನ ಕೈ ಸುಮ್ಮನಿರದು. ಎರಡು ಬಂದೂಕಿನ ತೊಗಲು ಪಟ್ಟಿ ಬಿಚ್ಚಿ, ಸೀಳಿ, ಹರಿದ ಬೆಲ್ಟನ್ನು ಹೊಲಿದು ಬಿಗಿದ. ಹತ್ತು ನಿಮಿಷ ಕೆಮ್ಮಿ ಉಗುಳಿ ಗಿರಣಿ ಓಡಿತು. ಊರಿಗೆ ಊರೇ ಧಾನ್ಯದ ಚೀಲ ಹೊತ್ತು ಬಂದು ಸಾಲು ನಿಂತಿತು.

ಆಗ ಅವಳು ಹವಾಲ್ದಾರನ ಪಕ್ಕ ಬಂದು ಕೂತು, ಮುಖ ನೋಡದೆ ಹೇಳಿದಳು: "ಹಿಂದೆ ಹೊಟ್ಟಿನ ರಾಶಿ ಇದೆ, ಅದರ ಕೆಳಗೆ ನೋಡಿ. ಅವರು ಇಟ್ಟು ಹೋಗಿ ಎರಡು ತಿಂಗಳಾಯ್ತು. ನನ್ನ ಮೊಮ್ಮಕ್ಕಳು ಅಲ್ಲೇ ಆಡ್ತವೆ, ನನಗೆ ಜೀವ ಕೈಯಲ್ಲಿ ಹಿಡ್ಕೊಂಡ ಹಾಗಿದೆ. ಕತ್ತಲಲ್ಲಿ ಬಂದು ಬಾಗಿಲು ಒದ್ದಿದ್ರೆ ನಿಮಗೂ ಹೇಳ್ತಿರಲಿಲ್ಲ. ಹಗಲಲ್ಲಿ ಬಂದ್ರಿ, ನೀರು ಕೇಳಿದ್ರಿ."

ಹನ್ನೊಂದು ಬಂದೂಕು ಸಿಕ್ಕಿದ್ದು ಹಾಗೆ. ಆದರೆ ಹವಾಲ್ದಾರ ಮರೆಯಲಾರದೆ ಹೋದದ್ದು ಅವಳ ಕೊನೆಯ ಮಾತು. "ನಿಮ್ಮ ಪುಣ್ಯ, ನಾಳೆಯಿಂದ ಹಿಟ್ಟು ಬೀಸಿಸೋಕೆ ಕೆಳಗಿನ ಊರಿಗೆ ಹೋಗೋದು ತಪ್ಪಿತು. ನಾಲ್ಕು ದಿನದಿಂದ ನಾವು ಹೆಂಗಸರು, ಮಕ್ಕಳು ಹದಿನಾರು ಜನ ಬೆಳಗಿನ ಜಾವ ನಾಲ್ಕೂವರೆಗೆ ತಲೆ ಮೇಲೆ ಚೀಲ ಹೊತ್ಕೊಂಡು ಹೊರಡ್ತಿದ್ವಿ."

ಅವರು ಹೊರಡುತ್ತಿದ್ದ ದಾರಿ ಅದೇ. ಅವನು ಹೊತ್ತಿಗೆ ಸರಿಯಾಗಿ ಬಂದಿದ್ದರೆ, ಬೆರಳನ್ನು ಬಂದೂಕಿನ ಕುದುರೆಯ ಮೇಲಿಟ್ಟು ನಡುಗುತ್ತಿದ್ದ ಹತ್ತು ಸಿಪಾಯಿಗಳು ಆ ದಾರಿಯ ಬಾಯಲ್ಲಿ ಮಲಗಿರುತ್ತಿದ್ದರು.

"ಮತ್ತೆ ವರದಿಯಲ್ಲಿ ಯಾಕ್ರೀ ಹಾಗೆ ಬರೆದ್ರಿ?" ಎಂದಳು ಹೆಂಡತಿ.

"ವರದಿ ಬರೆಯೋ ಏಳನೇ ನಮೂನೇಲಿ ಎರಡು ಚೌಕ ಇರುತ್ತೆ. ಒಂದು, ಆದೇಶದ ಸಮಯ. ಇನ್ನೊಂದು, ತಲುಪಿದ ಸಮಯ. ಎರಡೂ ಒಂದೇ ಆಗಿರದಿದ್ರೆ ಬೇರೆ ಹಾಳೇಲಿ ವಿವರಣೆ ಬರೆದು ಮೂರು ಪ್ರತಿ ಲಗತ್ತಿಸಬೇಕು. ಆಮೇಲೆ ವಿಚಾರಣೆ. ಹಾಗಾಗಿ ಯಾರೂ ಬೇರೆ ಬರೆಯಲ್ಲ ಕಣೇ. ಮೇಲಿನ ಚೌಕ ನೋಡಿ ಕೆಳಗಿನದು ತುಂಬೋದು, ಅಷ್ಟೇ. ಸಮಯ ಒಂದು ಸುಳ್ಳು ಬರೆದ ಮೇಲೆ ಮಿಕ್ಕಿದ್ದೆಲ್ಲ ಅದಕ್ಕೆ ಹೊಂದಿಕೊಂಡು ಬಂತು."

ಹೆಂಡತಿ ಒಂದು ಪಾತ್ರೆಯನ್ನು ಮೂರು ಸಲ ಒರೆಸಿದಳು. "ಪದಕ ಹೋದ್ರೆ ಹೋಗ್ಲಿ. ಅವಳು ಹೋಗೋದು ಆ ದಾರಿಗೆ. ನಾಳೆ ಬೆಳಗ್ಗೆ ಕರ್ನಲ್ ಹತ್ರ ಹೋಗಿ. ದಾರಿ ಗೊತ್ತು ತಾನೇ?"

ಶನಿವಾರ ಬೆಳಗ್ಗೆ ಕತ್ತರಿ ಕರ್ನಲ್ ತಮ್ಮ ಕೋಣೆಯಲ್ಲಿ ಮುನ್ನುಡಿಯ ಬಾಲ ಕತ್ತರಿಸುತ್ತ ಕೂತಿದ್ದರು. ಹವಾಲ್ದಾರ ಸೆಲ್ಯೂಟ್ ಹೊಡೆದು, ನಿಂತೇ ಎಲ್ಲ ಹೇಳಿದ. ಹೊಳೆ, ಗಿರಣಿ, ತೊಗಲು ಪಟ್ಟಿ, ಹದಿನಾರು ಜನ, ಒಂದನ್ನೂ ಬಿಡಲಿಲ್ಲ. ಅವನು ಹೇಳುತ್ತ ಹೋದಂತೆ ಕರ್ನಲ್‌ರ ಕಿವಿ ಕೆಂಪಾಗುತ್ತ ಬಂತು.

"ಮೂರು ವರ್ಷ ಕಣ್ರೀ! ಮೂರು ವರ್ಷ ಕಣ್ಣು ಕಳ್ಕೊಂಡು ಬರೆದಿದೀನಿ. ನಾಡಿದ್ದು ಸಹಿ. ಇವತ್ತು ಬಂದು ಕಥೆ ಹೇಳ್ತಿದೀರಲ್ಲ, ನಿಮಗೇನಾದ್ರೂ ತಲೆ ಕೆಟ್ಟಿದೆಯಾ?"

"ಇಲ್ಲ ಸಾರ್. ಮಗಳು ಆ ಬೆಟ್ಟಕ್ಕೆ ಹೋಗ್ತಿದಾಳೆ ಸಾರ್."

ಕರ್ನಲ್ ಕತ್ತರಿಯನ್ನು ಮೇಜಿನ ಮೇಲಿಟ್ಟರು. ಕಿಟಕಿಯ ಹೊರಗೆ ಕವಾಯತು ಮೈದಾನದಲ್ಲಿ ಯಾರೋ ಎಡ ಬಲ ಎಂದು ಕೂಗುತ್ತಿದ್ದರು. ಅವರು ಎದ್ದು ಕಿಟಕಿ ಮುಚ್ಚಿದರು. ಆಮೇಲೆ, "ಎಲ್ಲರೂ ಮೇಲಿನ ಚೌಕ ನೋಡಿ ಕೆಳಗಿನದು ತುಂಬ್ತಾರೆ ಅಂದ್ರಲ್ಲ. ಎಲ್ಲರೂ ಅಂದ್ರೆ?"

"ನನಗೆ ಗೊತ್ತಿರೋರೆಲ್ಲ, ಸಾರ್."

"ಬನ್ನಿ ನನ್ನ ಜೊತೆ."

ದಾಖಲೆ ಕೋಣೆಯಲ್ಲಿ ಇಬ್ಬರೂ ತೋಳು ಮಡಚಿ ನೆಲದ ಮೇಲೆ ಕೂತರು. ಎಂಟುನೂರ ಎಪ್ಪತ್ತು ನಮೂನೆ. ಕರ್ನಲ್ ಓದುವುದು, ಹವಾಲ್ದಾರ ಗೀಟು ಹಾಕುವುದು. ಆದೇಶ ಐದು ಗಂಟೆ, ತಲುಪಿದ್ದು ಐದು. ಆದೇಶ ಮೂರೂಕಾಲು, ತಲುಪಿದ್ದು ಮೂರೂಕಾಲು. ಸುಂಟರಗಾಳಿ ಬಂದ ದಿನವೂ ತಲುಪಿದ್ದು ಹೊತ್ತಿಗೆ ಸರಿಯಾಗಿಯೇ. ಸೇತುವೆ ಕೊಚ್ಚಿಹೋದ ದಿನವೂ ಅಷ್ಟೆ. ಸಂಜೆಯ ಹೊತ್ತಿಗೆ ಕರ್ನಲ್ ಗೋಡೆಗೆ ಒರಗಿದರು.

"ಇಷ್ಟು ದಿನ ನಾನು ಓದಿದ್ದು ಬೆಟ್ಟದ ಸುದ್ದಿ ಅಲ್ಲ ಹವಾಲ್ದಾರ್ರೇ. ನಾವೇ ಇಲ್ಲಿಂದ ಬರೆದು ಕಳಿಸಿದ ಆದೇಶ. ಅದನ್ನೇ ತಿರುಗಿಸಿ ನಮಗೆ ಕಳಿಸಿದಾರೆ. ಅದನ್ನ ನೋಡಿ ನಾನು, ಆಹಾ ನಮ್ಮ ಆದೇಶ ಎಷ್ಟು ಸರಿ ಅಂತ ಪುಸ್ತಕ ಬರೆದೆ."

"ಹನ್ನೊಂದರಲ್ಲಿ ಮಾತ್ರ ಬೇರೆ ಇದೆ ಸಾರ್. ಮೂರು ಪ್ರತಿ ವಿವರಣೆ ಸಮೇತ."

"ಗೊತ್ತು. ಅವನ್ನೆಲ್ಲ ಕೆಟ್ಟ ಕಾರ್ಯಾಚರಣೆ ಅಂತ ಪಕ್ಕಕ್ಕೆ ಎಸೆದಿದ್ದೆ. ನಿಜ ಹೇಳಿದವರು ಈ ಹನ್ನೊಂದೇ ಜನ."

ಹವಾಲ್ದಾರ ಉಳಿದಿದ್ದ ಕೊನೆಯ ನಮೂನೆ ಎತ್ತಿಕೊಂಡ. ನೋಡಿದ, ಮತ್ತೆ ನೋಡಿದ, ಮೆಲ್ಲಗೆ ಅದನ್ನು ಕಟ್ಟಿನ ಅಡಿಗೆ ಸೇರಿಸಲು ಹೋದ.

"ಏನದು? ಕೊಡಿ ಇಲ್ಲಿ."

ಹದಿನೆಂಟು ವರ್ಷದ ಹಿಂದಿನ ಹಾಳೆ. ಆದೇಶ ಐದೂವರೆ, ತಲುಪಿದ್ದು ಐದೂವರೆ. ಕೆಳಗೆ ಆಗಿನ್ನೂ ಲೆಫ್ಟಿನೆಂಟ್ ಆಗಿದ್ದ ಕತ್ತರಿ ಕರ್ನಲ್‌ರದೇ ಸಹಿ, ಬಾಲವನ್ನು ಉದ್ದಕ್ಕೆ ಎಳೆದದ್ದು. ಕರ್ನಲ್ ಅದನ್ನು ದಿಟ್ಟಿಸಿದರು. ಮೊದಲು ಹೊಟ್ಟೆ ಅಲುಗಿತು, ಆಮೇಲೆ ಭುಜ, ಕೊನೆಗೆ ನಗು ತಡೆಯಲಾರದೆ ದೂಳಿನ ನೆಲದ ಮೇಲೆ ಕೈಯೂರಿ ನಕ್ಕರು.

"ಜೀಪು ಕೆಸರಲ್ಲಿ ಹೂತು ಹೋಗಿತ್ತು ಕಣ್ರೀ. ಮುಟ್ಟಿದಾಗ ಮಧ್ಯಾಹ್ನ ಎರಡು ಗಂಟೆ!"

ನಕ್ಕಾದ ಮೇಲೆ ಕಣ್ಣೊರೆಸಿಕೊಂಡು ಹೇಳಿದರು: "ಜನರಲ್ ಹತ್ರ ನಾನು ಮಾತಾಡ್ತೀನಿ. ಆದ್ರೆ ನೀವೂ ಒಂದು ಕೆಲಸ ಮಾಡಬೇಕು. ಸೋಮವಾರ ಮಧ್ಯಾಹ್ನ ಬೆಟ್ಟಕ್ಕೆ ಹೋಗೋ ಅಧಿಕಾರಿಗಳ ಪಾಠ ಇದೆ, ನಾಲ್ಕನೇ ಅಧ್ಯಾಯ. ನಿಂತ್ಕೊಂಡು ನೀವೇ ಹೇಳಬೇಕು. ಪದಕ ಉಳಿಸೋಕೆ ನನ್ನ ಕೈಲಾಗಲ್ಲ."

"ಸಾರ್, ಆ ಪಾಠಕ್ಕೆ ನನ್ನ ಮಗಳೂ..."

"ಗೊತ್ತು. ಮನೇಲೇ ಹೇಳ್ತೀರೋ, ಅಲ್ಲೇ ಹೇಳ್ತೀರೋ ನಿಮಗೆ ಬಿಟ್ಟಿದ್ದು."

ಭಾನುವಾರ ಇಡೀ ದಿನ ಹವಾಲ್ದಾರ ಮಗಳ ಹಿಂದೆ ಮುಂದೆ ಸುಳಿದಾಡಿದ. ಅವಳು ಬೂಟಿಗೆ ಪಾಲಿಶ್ ಹಾಕುವಾಗ ಪಕ್ಕದಲ್ಲಿ ಹೋಗಿ ಕೂತ, ಪಾಲಿಶ್ ಚೆನ್ನಾಗಿದೆ ಎಂದ, ಎದ್ದು ಬಂದ. ಹೆಂಡತಿ ಹಣೆ ಚಚ್ಚಿಕೊಂಡಳು.

ಸೋಮವಾರ ಪಾಠದ ಕೋಣೆಯಲ್ಲಿ ಮೂವತ್ತೆರಡು ಕುರ್ಚಿ. ಮಗಳು ಮೂರನೇ ಸಾಲಿನಲ್ಲಿ ಪೆನ್ನು ಹಿಡಿದು ಕೂತಿದ್ದಳು. ಅಪ್ಪನನ್ನು ಕಂಡು ಪಕ್ಕದವಳಿಗೆ ಮೊಣಕೈಯಲ್ಲಿ ತಿವಿದು ಏನೋ ಹೇಳಿದಳು. ಹವಾಲ್ದಾರ ಹಲಗೆಯ ಪಕ್ಕ ನಿಂತು, ಎದುರಿನ ಗೋಡೆಯ ಗಡಿಯಾರ ನೋಡುತ್ತ ಶುರುಮಾಡಿದ.

"ನನ್ನನ್ನ ನಾಲ್ಕೂವರೆ ಅಂತಾರೆ. ನಾನು ಹೋಗಿ ಮುಟ್ಟಿದ್ದು ಒಂಬತ್ತೂಮುಕ್ಕಾಲಿಗೆ."

ಯಾರೋ ನಕ್ಕರು, ತಮಾಷೆ ಎಂದುಕೊಂಡು. ಅವನು ಮುಂದುವರಿಸಿದಂತೆ ನಗು ನಿಂತಿತು. ಹದಿನಾರು ಜನರ ಮಾತು ಬಂದಾಗ ಅವನು ಗಡಿಯಾರದಿಂದ ಕಣ್ಣು ಕೀಳಲೇಬೇಕಾಯಿತು. ಮಗಳು ತಲೆ ತಗ್ಗಿಸಿದ್ದಳು. ಅವಳ ಮುಂದಿದ್ದ ಪುಸ್ತಕದಲ್ಲಿ ನಾಲ್ಕನೇ ಅಧ್ಯಾಯ ತೆರೆದೇ ಇತ್ತು, ಅದರ ಮೇಲೆ ಅವಳ ಅಂಗೈ ಮಗುಚಿಕೊಂಡಿತ್ತು.

ಹೇಳಿ ಮುಗಿಯಿತು. "ಪ್ರಶ್ನೆ ಇದ್ದರೆ ಕೇಳಿ" ಎಂದರು ಕರ್ನಲ್. ಹವಾಲ್ದಾರನ ಮಂಡಿ ನೋಯತೊಡಗಿತು.

ಮೂರನೇ ಸಾಲಿನಲ್ಲಿ ಮಗಳು ಎದ್ದು ನಿಂತಳು. ಮುಖ ಕೆಂಪಗಿತ್ತು, ದನಿ ಅಧಿಕಾರಿಯದು.

"ಹವಾಲ್ದಾರ್, ನಿಮ್ಮವರು ಬೆಲ್ಟು ಹೊಲಿಯೋಕೆ ಮೊದಲು ಸರಿಮಾಡಿಕೊಡಿ ಅಂತ ಆಕೆ ಕೇಳಿದ್ರಾ, ಅಥವಾ ಮಾಡಲಾ ಅಂತ ನೀವೇ ಕೇಳಿದ್ರಾ?"

ಹನ್ನೆರಡು ವರ್ಷದಲ್ಲಿ ಆ ಊರಿನ ಬಗ್ಗೆ ಯಾರಾದರೂ ಕೇಳಿದ ಮೊದಲ ನಿಜವಾದ ಪ್ರಶ್ನೆ ಅದು.

"ನಾವೇ ಕೇಳಿದ್ವಿ, ಮೇಡಮ್. ಮುಟ್ಟಲಾ ಅಂತ ಕೇಳಿದ್ವಿ. ಆಕೆ ಹೂಂ ಅನ್ನೋಕೆ ತುಂಬಾ ಹೊತ್ತು ತಗೊಂಡ್ರು. ನಾವು ಕಾದ್ವಿ."

ಮಗಳು ಕೂತು, ತೆರೆದಿದ್ದ ಪುಟದ ಅಂಚಿನಲ್ಲಿ ಏನೋ ಬರೆದುಕೊಂಡಳು. ಅದನ್ನು ನೋಡಿ ಪಕ್ಕದವಳು ಕೈಯೆತ್ತಿದಳು, ಅವಳ ಹಿಂದಿನವನು ಕೈಯೆತ್ತಿದ. ಒಂದು ಗಂಟೆಯ ಪಾಠ ಮೂರು ಗಂಟೆ ನಡೆಯಿತು.

ಮನೆಗೆ ಹೋಗುವಾಗ ಅರ್ಧ ದಾರಿ ಅವಳು ಅಪ್ಪನಿಗಿಂತ ಎರಡು ಹೆಜ್ಜೆ ಮುಂದೆಯೇ ನಡೆದಳು. ಆಮೇಲೆ, "ನನಗೆ ಮೊದಲೇ ಹೇಳಬಹುದಿತ್ತು" ಎಂದಳು.

"ಬಾಯಿ ಬರಲಿಲ್ಲ ಪುಟ್ಟಿ."

"ನಿನ್ನೆ ಪಾಲಿಶ್ ಹೊಗಳಿದಾಗಲೇ ಏನೋ ಇದೆ ಅಂದ್ಕೊಂಡೆ. ಜನ್ಮದಲ್ಲಿ ಹೊಗಳಿದೋನಲ್ಲ." ಸ್ವಲ್ಪ ದೂರ ಹೋಗಿ ಅಪ್ಪನ ಮಂಡಿಗೆ ಹೊಂದುವಂತೆ ನಡಿಗೆ ನಿಧಾನ ಮಾಡಿದಳು. "ನನ್ನ ಪಡೆಯವರಿಗೆ ಮತ್ತೆ ಹೇಳಬೇಕು ಈಗ. ಈ ಸಲ ಸರಿಯಾಗಿ ಹೇಳ್ತೀನಿ."

ಜನರಲ್ ಸಾಹೇಬರು ಸಹಿಗೆಂದು ತೆಗೆದ ಪೆನ್ನಿಗೆ ಮತ್ತೆ ಮುಚ್ಚಳ ಹಾಕಿದರಂತೆ. ಕೈಪಿಡಿ ಆರು ತಿಂಗಳು ಮುಂದೆ ಹೋಯಿತು. ಹಳೆಯ ತುಕಡಿಗಳ ನಾಯಕರನ್ನು ಒಬ್ಬೊಬ್ಬರಾಗಿ ಕರೆಸಿ, ಬಾಗಿಲು ಹಾಕಿಕೊಂಡು, ಟೀ ಕೊಟ್ಟು, "ನಡೆದದ್ದು ನಡೆದ ಹಾಗೇ ಹೇಳಿ, ಯಾರಿಗೂ ವಿಚಾರಣೆ ಇಲ್ಲ" ಎಂದರು ಕತ್ತರಿ ಕರ್ನಲ್. ಮೊದಲ ವಾರ ಯಾರೂ ಬಾಯಿ ಬಿಡಲಿಲ್ಲ. ಕರ್ನಲ್ ತಮ್ಮದೇ ಹಾಳೆಯನ್ನು ಗೋಡೆಗೆ ಅಂಟಿಸಿದ ಮೇಲೆ ಮಾತು ಹೊರಬರಲು ಶುರುವಾಯಿತು. ಏಳನೇ ನಮೂನೆಯೂ ಬದಲಾಯಿತು. ಮೂರು ಪ್ರತಿ ಹೋಗಿ, ತಲುಪಿದ ಸಮಯದ ಪಕ್ಕದಲ್ಲೇ ಒಂದು ಗೆರೆಯ ಜಾಗ ಬಂತು. ಅದರ ಕೆಳಗೆ ಹೊಸ ಚೌಕ: ಅಲ್ಲಿಯ ಜನ ಏನು ಹೇಳಿದರು?

ಪದಕ ವಾಪಸ್ ಹೋಯಿತು. ಖಾಲಿಯಾದ ಮೊಳೆಗೆ ಹೆಂಡತಿ ಗಡಿಯಾರ ತೂಗುಹಾಕಿ, "ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಊಟಕ್ಕೆ ಬನ್ನಿ" ಎಂದಳು. ಮುದ್ರಣಾಲಯದಲ್ಲಿ ಮಸಿ ಮಾಮ ಈಗ ಅವನನ್ನು ‘ಒಂಬತ್ತೂಮುಕ್ಕಾಲು’ ಎಂದು ಕರೆಯುತ್ತಾನೆ. ಹಳೆಯದಕ್ಕಿಂತ ಉದ್ದವಾಯಿತು ಎಂದು ಗೊಣಗಿದರೂ ಬಿಡುವುದಿಲ್ಲ.

ಐದನೇ ತಿಂಗಳಲ್ಲಿ ಹೊಸ ನಾಲ್ಕನೇ ಅಧ್ಯಾಯಕ್ಕೆ ಸೇರಿಸಲು ಬೆಟ್ಟದಿಂದ ಬಂದ ವರದಿಗಳ ಕರಡು ಹವಾಲ್ದಾರನ ಮೇಜಿಗೆ ಬಂತು. ಅವುಗಳಲ್ಲಿ ಒಂದರ ಕೈಬರಹ ಅವನಿಗೆ ಚೆನ್ನಾಗಿ ಗೊತ್ತಿತ್ತು. ಆದೇಶದ ಸಮಯ, ಬೆಳಗ್ಗೆ ಎಂಟು. ತಲುಪಿದ ಸಮಯ, ಹನ್ನೊಂದೂ ಇಪ್ಪತ್ತು. ಪಕ್ಕದ ಗೆರೆಯಲ್ಲಿ ಎರಡೇ ಮಾತು: ‘ದಾರಿ ತಪ್ಪಿತು.’ ಕೆಳಗಿನ ಚೌಕದಲ್ಲಿ ಜಾಗ ಸಾಲದೆ ಹಾಳೆಯ ಹಿಂಬದಿಗೂ ಹರಿದಿತ್ತು: ಶಾಲೆಯ ಮಾಸ್ತರು ಹೇಳಿದ್ದು, ಬಾವಿಯ ಬಳಿ ಇಬ್ಬರು ಹೆಂಗಸರು ಹೇಳಿದ್ದು, ಹತ್ತು ಗಂಟೆಯ ಮುಂಚೆ ಈ ದಾರಿಗೆ ಬರಬೇಡಿ, ಮಕ್ಕಳು ಶಾಲೆಗೆ ಬರುವ ಹೊತ್ತು ಎಂದದ್ದು.

ಹವಾಲ್ದಾರ ಎರಡು ಸಲ ಓದಿದ. ಕೆಂಪು ಪೆನ್ನಿಗೆ ಮುಚ್ಚಳ ಹಾಕಿ, ಕೆಳಗೆ ಕಪ್ಪು ಮಸಿಯಲ್ಲಿ ‘ಸರಿ ಇದೆ’ ಎಂದು ಬರೆದ.

ಸಂಜೆ ಹೆಂಡತಿಗೆ ಹೇಳಿದಾಗ ಅವಳು ಕೇಳಿದ್ದು ಒಂದೇ. "ಎಷ್ಟು ತಡ ಅಂದ್ರಿ?"

"ಮೂರು ಗಂಟೆ ಇಪ್ಪತ್ತು ನಿಮಿಷ."

"ಅಪ್ಪನ ಮಗಳೇ!" ಎಂದಳು ಹೆಂಡತಿ, ಗಡಿಯಾರದ ಗಾಜು ಒರೆಸುತ್ತ. "ನಿಮಗಿಂತ ಎರಡು ಗಂಟೆ ಬೇಗ ಮುಟ್ಟಿದಾಳೆ, ನೋಡಿ."